ಎಂಟನೆಯ ಸಾಲು

ಕನ್ನಡಕ ಮಾರುವವನು ಕನ್ನಡಕ ಹಾಕಬಾರದು ಎಂಬುದು ಕನ್ನಡಕದಣ್ಣನ ಸಿದ್ಧಾಂತ. ಹಾಕಿಕೊಂಡರೆ ಗಿರಾಕಿಗೆ ಅನುಮಾನ ಬರುತ್ತದೆ: ತನ್ನ ಕಣ್ಣನ್ನೇ ನೆಟ್ಟಗೆ ಇಟ್ಟುಕೊಳ್ಳಲಾರದವನು ನಮ್ಮ ಕಣ್ಣಿಗೇನು ಮಾಡಿಯಾನು ಎಂದು. ಹಾಗಾಗಿ ಇಪ್ಪತ್ತಾರು ವರ್ಷಗಳಿಂದ, ಬೀದಿ ತಿರುಗುವಲ್ಲಿದ್ದ ರೈಲುಡಬ್ಬಿಯಂಥ ಉದ್ದನೆಯ ಅಂಗಡಿಯಲ್ಲಿ ಬರಿಗಣ್ಣಲ್ಲೇ ನಿಂತು, ಆ ಸುತ್ತಿನ ಸಮಸ್ತ ಮೂಗುಗಳ ಮೇಲೂ ಅವನು ಕನ್ನಡಕ ಏರಿಸಿದ್ದ. ಬೀದಿಯಲ್ಲಿ ಒಮ್ಮೊಮ್ಮೆ ದರ್ಜಿಯನ್ನು ಅಂಚೆಯವನೆಂದುಕೊಂಡು ಕಾಗದ ಕೇಳಿದ್ದುಂಟು. ಅದು ಕಣ್ಣಿನ ತಪ್ಪಲ್ಲ, ಯೋಚನೆಯಲ್ಲಿ ಮುಳುಗಿದವರಿಗೆ ಹಾಗಾಗುತ್ತದೆ ಎಂದು ಅವನೇ ವಿವರಣೆ ಕೊಡುತ್ತಿದ್ದ. ಏನು ಯೋಚನೆ ಎಂದು ಯಾರೂ ಕೇಳುತ್ತಿರಲಿಲ್ಲ.

ಅಂಗಡಿಯ ಮುಂಭಾಗದಲ್ಲಿ ಕಾಯುವವರ ಬೆಂಚು. ಅದರ ಪಕ್ಕ, ಪರೀಕ್ಷೆಗೆ ಕೂರಿಸುವ ತಿರುಗುವ ಸ್ಟೂಲು. ಅಲ್ಲಿಂದ ಇಪ್ಪತ್ತು ಅಡಿ ಆಚೆ, ಹಿಂಗೋಡೆಯ ಮೇಲೆ ಎತ್ತರದಲ್ಲಿ ಅಕ್ಷರದ ಪಟ. ಪಟದ ಕೆಳಗೆ ಹೆಂಡತಿಯ ಮೇಜು. ಗಾಜು ಸಾಣೆ ಹಿಡಿದು ಫ್ರೇಮಿಗೆ ಕೂರಿಸುವ ಕೆಲಸವೆಲ್ಲ ಅವಳದೇ. ಮಾತಿನ ಕೆಲಸ ಇವನದು. ಮಾತಾಡುವಾಗ ಕನ್ನಡಕದಣ್ಣ ಆಗಾಗ ಆ ಕಡೆ ನೋಡುತ್ತಿದ್ದ. ಹೆಂಡತಿ ತಲೆಯೆತ್ತಿ ಮುಗುಳ್ನಗುತ್ತಿದ್ದಳು. ಅದರಿಂದ ಅವನಿಗೆ ಇನ್ನೆರಡು ಮಾತಿಗೆ ಸಾಕಾಗುವಷ್ಟು ಉತ್ಸಾಹ ಬರುತ್ತಿತ್ತು.

ಅಂಗಡಿಯ ಜೀವಾಳವೆಂದರೆ ಬಾಗಿಲ ಮೇಲೆ ಚೌಕಟ್ಟು ಹಾಕಿಸಿ ನೇತುಹಾಕಿದ್ದ ಒಂದು ಕಾಗದ. ಬಸ್ಸು, ಲಾರಿ ಓಡಿಸುವವರು ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಸರ್ಟಿಫಿಕೇಟು ತರಬೇಕು, ಆ ಸರ್ಟಿಫಿಕೇಟಿಗೆ ಸಹಿ ಹಾಕುವ ಅಧಿಕಾರ ಈ ಅಂಗಡಿಯವನದು ಎಂದು ಸಾರಿಗೆ ಕಚೇರಿ ಬರೆದುಕೊಟ್ಟ ಅನುಮತಿಪತ್ರ. ಅದೊಂದು ಹೋದರೆ ಅಂಗಡಿಗೆ ಉಳಿಯುವುದು ಸ್ಟೂಲು ಮಾತ್ರ. ಹೋಗಲಿ ಎಂದು ಹಾರೈಸುವವರೂ ಇದ್ದರು. ಎದುರಿಗೇ ಹೊಸದೊಂದು ಕನ್ನಡಕದ ಅಂಗಡಿ ತೆರೆದಿತ್ತು. ಅಲ್ಲಿ ಪಟವೇ ಇಲ್ಲವಂತೆ, ಗುಂಡಿ ಒತ್ತಿದರೆ ಗೋಡೆಯ ಮೇಲೆ ಬೆಳಕಿನಲ್ಲಿ ಅಕ್ಷರ ಮೂಡುತ್ತವಂತೆ, ಒತ್ತಿದಾಗಲೆಲ್ಲ ಬೇರೆ ಬೇರೆ.

ಇದೇ ಸಮಯ ನೋಡಿ ಕನ್ನಡಕದಣ್ಣನ ಹಳೆಯ ಪಟಕ್ಕೆ ಗೆದ್ದಲು ಹತ್ತಿತು. ಕೆಳಗಿನ ಎರಡು ಸಾಲುಗಳನ್ನು ಅದು ಪೂರ್ತಿ ಓದಿ ಮುಗಿಸಿತ್ತು.

ಹೊಸ ಪಟ ಅಂಗಡಿಯಲ್ಲಿ ಸಿಗುತ್ತದೆ, ತರಿಸಿಬಿಡಿ ಎಂದಳು ಹೆಂಡತಿ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎದುರಿನವನ ಬೆಳಕಿನ ಅಕ್ಷರಗಳು ಕನ್ನಡಕದಣ್ಣನ ಕಣ್ಣು ಕುಕ್ಕಿದ್ದವು. ಅವನ ಹತ್ತಿರ ಇಲ್ಲದ್ದು ತನ್ನ ಹತ್ತಿರ ಏನಿದೆ ಎಂದು ಮೂರು ದಿನ ಹುಡುಕಿದ. ನಾಲ್ಕನೆಯ ದಿನ ಸಿಕ್ಕಿತು: ಇಂಗ್ಲಿಷ್.

ಅವನ ಇಂಗ್ಲಿಷಿನ ಚರಿತ್ರೆ ಚಿಕ್ಕದು. ಒಂಬತ್ತನೆಯ ಕ್ಲಾಸಿನಲ್ಲಿ ಕಣ್ಣು ಎಂಬ ಮಾತು ಬರುವ ಇಂಗ್ಲಿಷ್ ನುಡಿಗಟ್ಟುಗಳನ್ನು ಒಪ್ಪಿಸಲಾರದೆ ನಿಂತಾಗ ಮೇಷ್ಟ್ರು ಅವುಗಳಲ್ಲಿ ಏಳನ್ನು ನೂರು ನೂರು ಸಲ ಬರೆಸಿದ್ದರು. ಉಳಿದ ಇಂಗ್ಲಿಷೆಲ್ಲ ಶಾಲೆಯ ಗೇಟು ದಾಟುವುದರೊಳಗೆ ಉದುರಿಹೋಗಿತ್ತು. ಈ ಏಳು ಮಾತ್ರ ಬೆರಳಿನ ಮೂಲಕ ಒಳಗಿಳಿದದ್ದರಿಂದ ಭದ್ರವಾಗಿದ್ದವು. ಕಣ್ಣಿನ ಅಂಗಡಿಯ ಪಟದಲ್ಲಿ ಅರ್ಥವಿಲ್ಲದ ಬಿಡಿ ಅಕ್ಷರ ಯಾಕಿರಬೇಕು? ಕಣ್ಣಿನ ಮಾತೇ ಇರಲಿ. ನೋಡಿದವರಿಗೆ ದೃಷ್ಟಿಯೂ ತಿಳಿಯಿತು, ಜ್ಞಾನವೂ ಬಂತು.

ಬೋರ್ಡು ಬರೆಯುವ ಪೇಂಟರನ್ನು ಕರೆಸಿದ. ಮೊದಲ ಸಾಲಿನಲ್ಲಿ ಕುಂಬಳಕಾಯಿಯಷ್ಟು ದೊಡ್ಡದಾಗಿ ‘ಐ’, ಎಂದರೆ ಕಣ್ಣು. ಎರಡನೆಯದು ‘ಐ ಟು ಐ’, ಕಣ್ಣಿಗೆ ಕಣ್ಣು ಸೇರುವುದು, ಅಂದರೆ ಇಬ್ಬರ ಅಭಿಪ್ರಾಯ ಒಂದಾಗುವುದು. ಮೂರನೆಯದು ಇನ್ನಷ್ಟು ಸಣ್ಣಕ್ಕೆ. ಹೀಗೆ ಇಳಿಯುತ್ತ ಇಳಿಯುತ್ತ ಎಂಟನೆಯದು, ‘ದೇರ್ ಈಸ್ ಮೋರ್ ಟು ಇಟ್ ದ್ಯಾನ್ ಮೀಟ್ಸ್ ದಿ ಐ’. ಕಣ್ಣಿಗೆ ಕಂಡದ್ದಷ್ಟೇ ಅಲ್ಲ, ಅದರಾಚೆ ಇನ್ನೂ ಇದೆ ಎಂದರ್ಥ. ಅದು ಸಾಸಿವೆಯಷ್ಟು ಸಣ್ಣಗಿರಬೇಕು, ನೂರರಲ್ಲಿ ತೊಂಬತ್ತು ಜನಕ್ಕೆ ಕಾಣಲೇಬಾರದು ಎಂದು ಒತ್ತಿ ಹೇಳಿದ. ಪೇಂಟರು ಇಷ್ಟು ವರ್ಷ ಎಲ್ಲರಿಗೂ ಕಾಣುವಂತೆ ಬರೆದು ಬದುಕಿದವನು. ಕಾಣದ ಹಾಗೆ ಬರೆಯಲು ಯಾರೂ ಕೇಳಿರಲಿಲ್ಲ. ತಲೆ ಕೆರೆದುಕೊಂಡು ಹೋದ. ವಾರದ ಮೇಲೆ ಪಟ ತಂದು ತಾನೇ ಏಣಿ ಹಾಕಿ ಮೊಳೆ ಹೊಡೆದು ಹೋದ. ಕನ್ನಡಕದಣ್ಣ ಸ್ಟೂಲಿನಲ್ಲಿ ಕೂತು ಮೇಲಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿದ. ಒಂದೂ ತಪ್ಪಲಿಲ್ಲ.

ಹೆಂಡತಿ ಮೇಜಿನಿಂದ ಕತ್ತೆತ್ತಿ ನೋಡಿ, “ರೀ, ಒಂದ್ಸಲ ಹತ್ರ ಬಂದು ಆ ಕೊನೇ ಸಾಲು ನೋಡ್ರಿ” ಎಂದಳು.

“ನೋಡೋದೇನು, ನನಗದು ಬಾಯಿಪಾಠ” ಎಂದ.

ಅವಳು ಮುಗುಳ್ನಕ್ಕು ಮತ್ತೆ ಸಾಣೆಗೆ ಬಗ್ಗಿದಳು.

ಹೆಂಡತಿಯ ಎರಡನೆಯ ತಕರಾರು, ಡ್ರೈವರುಗಳಿಗೆ ಇಷ್ಟುದ್ದದ ಇಂಗ್ಲಿಷ್ ಓದಲು ಬರುತ್ತದೆಯೇ ಎಂಬುದು. ಇದಕ್ಕೆ ಕನ್ನಡಕದಣ್ಣನಲ್ಲಿ ಉತ್ತರ ಸಿದ್ಧವಿತ್ತು. ಗೊತ್ತಿಲ್ಲದ್ದನ್ನು ಓದು ಎಂದರೆ ಅದು ಇಂಗ್ಲಿಷಿನ ಪರೀಕ್ಷೆಯಾಯಿತು, ಕಣ್ಣಿನದಲ್ಲ. ಆದ್ದರಿಂದ ಮೊದಲು ಬೆಂಚಿನಲ್ಲೇ ಎಂಟೂ ಸಾಲನ್ನು ಅರ್ಥಸಮೇತ ಹೇಳಿಕೊಟ್ಟು, ಇಂಗ್ಲಿಷಿನ ಅಡ್ಡಿಯನ್ನು ಪೂರ್ತಿ ನಿವಾರಿಸಿ, ಆಮೇಲೆ ಸ್ಟೂಲಿಗೆ ಕೂರಿಸುವುದು. ಆಗ ಉಳಿಯುವುದು ಶುದ್ಧ ಕಣ್ಣು.

ಈ ಶುದ್ಧೀಕರಣ ಮರುದಿನವೇ ಶುರುವಾಯಿತು. ಬೆಳಗಿನಿಂದ ಸಂಜೆಯವರೆಗೆ ಬೆಂಚಿನಲ್ಲಿ ಪಾಠ. ಕಣ್ಣಿನ ಕೆಲಸವಿಲ್ಲದವರೂ ಬಂದು ಕೂತರು. ವಾರದಲ್ಲಿ ದರ್ಜಿ ಅಳತೆಯ ಬಗ್ಗೆ ಗಿರಾಕಿಯೊಂದಿಗೆ ‘ಐ ಟು ಐ’ ಆಗುತ್ತಿಲ್ಲವೆಂದು ದೂರಿಕೊಂಡ. ತರಕಾರಿಯವಳು ತೂಕದ ವಿಷಯದಲ್ಲಿ ‘ಟರ್ನ್ ಎ ಬ್ಲೈಂಡ್ ಐ’ ಮಾಡಬೇಕೆಂದು, ಅಂದರೆ ಕಂಡೂ ಕಾಣದಂತಿರಬೇಕೆಂದು, ಗಿರಾಕಿಗಳಿಗೆ ಬುದ್ಧಿ ಹೇಳಿದಳು.

ಏಳನೆಯ ಸಾಲಿನ ‘ಪುಲ್ ದಿ ವುಲ್ ಓವರ್ ದಿ ಐಸ್’ ಮಾತ್ರ ಜನಕ್ಕೆ ಸುಲಭವಾಗಿ ಇಳಿಯಲಿಲ್ಲ. ಮೋಸ ಮಾಡುವವನು ಕಣ್ಣಿನ ಮೇಲೆ ಉಣ್ಣೆ ಯಾಕೆ ಎಳೆಯುತ್ತಾನೆ ಎಂದು ಬೆಂಚು ಕೇಳಿತು. ಮೇಷ್ಟ್ರು ಬರೆಸಿದ್ದರೇ ಹೊರತು ಕಾರಣ ಹೇಳಿರಲಿಲ್ಲ. ಆಗ ಬಿಡಿಸಿ ಹೇಳಿದವರು ಅತ್ತೆ, ಎಂದರೆ ಹೆಂಡತಿಯ ತಾಯಿ. ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ದಾರದುಂಡೆಯ ನಂಬರು ನೋಡಿ ಜೋಡಿಸಿದವರು, ಈಗ ಮಗಳ ಜೊತೆ ಇದ್ದರು. “ಅವರ ದೇಶದಲ್ಲಿ ಚಳಿ ಅಳಿಯಂದಿರೇ. ಕೈಗೆ ಸಿಗೋದು ಉಣ್ಣೆ, ಎಳೀತಾರೆ. ನಮ್ಮಲ್ಲಿ ಕೈಗೆ ಸಿಗೋದು ಮಣ್ಣು, ಎರಚ್ತೀವಿ. ಮೋಸಕ್ಕೆ ಅಂತ ಯಾರು ಹೊಸದಾಗಿ ಸಾಮಾನು ಕೊಳ್ತಾರೆ?” ಎಂದರು. ಬೆಂಚು ಒಪ್ಪಿತು. ಕನ್ನಡಕದಣ್ಣನಿಗೆ ಸ್ವಲ್ಪ ಕಸಿವಿಸಿಯಾಯಿತು. ಗುರುಪೀಠದಲ್ಲಿ ಎರಡು ಜನ ಕೂರುವಷ್ಟು ಜಾಗವಿರುವುದಿಲ್ಲ.

ಪರೀಕ್ಷೆಗಳೇನೋ ಅಮೋಘವಾಗಿ ನಡೆದವು. ಸ್ಟೂಲಿಗೆ ಕೂತವರೆಲ್ಲ ಎಂಟೂ ಸಾಲು ಓದಿದರು. ಅರುವತ್ತರ ಲಾರಿ ಡ್ರೈವರು ಓದಿದ. ಬಾಗಿಲ ಚೌಕಟ್ಟಿಗೆ ಹಣೆ ತಾಗಿಸಿಕೊಂಡೇ ಒಳಬಂದ ಇನ್ನೊಬ್ಬನೂ ಓದಿದ, ನಡುವೆ ಉಸಿರು ಕೂಡ ತೆಗೆದುಕೊಳ್ಳಲಿಲ್ಲ. ಹೆಂಡತಿಯ ತಮ್ಮ ಟೌನ್ ಬಸ್ಸಿನ ಡ್ರೈವರು. ಅವನಂತೂ ಓದಿದ್ದಲ್ಲದೆ ಅರ್ಥವನ್ನೂ ಸೇರಿಸಿ ಒಪ್ಪಿಸಿದ. ಬಾಮೈದನ ಸರ್ಟಿಫಿಕೇಟಿಗೆ ಕನ್ನಡಕದಣ್ಣ ಅಭಿಮಾನದಿಂದ ದೊಡ್ಡ ಸಹಿ ಹಾಕಿದ.

ಎರಡು ತಿಂಗಳಾಯಿತು. ಒಂದೂ ಕನ್ನಡಕ ಮಾರಿಹೋಗಲಿಲ್ಲ.

ಕನ್ನಡಕದಣ್ಣನ ತಾಳ್ಮೆ ಸವೆಯತೊಡಗಿತು. ಒಂದು ಪ್ರದೇಶದ ಜನರೆಲ್ಲರ ಕಣ್ಣು ಏಕಾಏಕಿ ಸರಿಹೋಗುವುದೆಂದರೇನು? ನೀರು ಬದಲಾಯಿತೋ ಗಾಳಿ ಬದಲಾಯಿತೋ ಎಂದು ಬಂದವರನ್ನೆಲ್ಲ ಕೇಳಿದ. ಕೊನೆಗೆ, ಒಳ್ಳೆಯ ಮಾತು ಓದಿದರೆ ಕಣ್ಣಿನ ನರಕ್ಕೆ ಪುಷ್ಟಿ ಬರುತ್ತಿರಬೇಕು ಎಂದು ತೀರ್ಮಾನಿಸಿ ಹೆಂಡತಿಗೆ ಹೇಳಿದ.

“ರೀ, ಅವರು ಓದ್ತಿಲ್ಲ. ಒಪ್ಪಿಸ್ತಿದ್ದಾರೆ” ಎಂದಳು ಅವಳು.

“ನಿನಗೆ ಜನರ ಮೇಲೆ ನಂಬಿಕೆಯೇ ಇಲ್ಲ” ಎಂದ ಇವನು.

ಇಡೀ ಎರಡು ತಿಂಗಳಲ್ಲಿ ಪಟದ ಮುಂದೆ ಸೋತವರು ಒಬ್ಬರೇ, ಅತ್ತೆ. ಸುಮ್ಮನೆ ಸ್ಟೂಲಿನಲ್ಲಿ ಕೂತವರನ್ನು ಪರೀಕ್ಷೆಗೆ ಎಳೆದದ್ದು ಅಳಿಯನೇ. ಅವರಿಗೆ ಇಂಗ್ಲಿಷ್ ಅಕ್ಷರ ಬಾರದು. ಬೆಂಚಿನ ಪಾಠ ಕೇಳಿದ್ದರೂ ಅಳಿಯನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಅಕ್ಷರ ಬೇಡ, ಕಂಡದ್ದು ಹೇಳಿ ಎಂದ. ಅತ್ತೆ ಕೊನೆಯ ಸಾಲಿನ ಕಡೆ ನೆಟ್ಟ ನೋಟದಿಂದ ನೋಡಿ, “ಮೊದಲೇನೋ ಗೀಚಿದ್ದಾರೆ. ಆಮೇಲೆ ಅಂಕಿ. ಏಳು, ಮೂರು, ಮೂರು…” ಎಂದು ಶುರುಮಾಡಿದರು.

ಕನ್ನಡಕದಣ್ಣ ಕೈಯೆತ್ತಿ ನಿಲ್ಲಿಸಿದ. ಅವನ ಕಂಠದಲ್ಲಿ ಮರುಕ ತುಂಬಿಬಂತು. “ಅತ್ತೆ, ಅದು ಇಂಗ್ಲಿಷ್ ಗಾದೆ. ಅದರಲ್ಲಿ ಅಂಕಿ ಎಲ್ಲಿಂದ ಬರುತ್ತೆ? ಗಿರಣೀಲಿ ಮೂವತ್ತು ವರ್ಷ ನಂಬರು ನೋಡಿ ನೋಡಿ ನಿಮ್ಮ ಕಣ್ಣಲ್ಲಿ ಅವೇ ಕೂತ್ಬಿಟ್ಟಿವೆ.”

ನನಗೆ ಕಾಣುವುದನ್ನು ಹೇಳಿದೆ, ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ಬಿಡಿ ಎಂದು ಅವರು ಎದ್ದರು. ಅವನು ಬಿಡಲಿಲ್ಲ. ಗಾಜಿನ ಪೆಟ್ಟಿಗೆ ತೆರೆದು ಒಂದರ ಮೇಲೊಂದು ಗಾಜು ಅವರ ಕಣ್ಣಿಗೆ ಹಿಡಿದ. ಎಲ್ಲದರಲ್ಲೂ ಅತ್ತೆಗೆ ಮೊದಲಿಗಿಂತ ಮಸುಕು. ಕೊನೆಗೆ ಒಂದು ದಪ್ಪ ಗಾಜನ್ನು ತನ್ನ ಕಣ್ಣಿಗೇ ಹಿಡಿದು ಎದುರಿನ ಅಂಗಡಿಯ ಬೋರ್ಡು ನೋಡಿದ. ಅದು ತೊಳೆದಿಟ್ಟ ಹಾಗೆ ಕಂಡಿತು. ಇಷ್ಟು ಚೆಂದದ ಗಾಜು ಇನ್ನೊಂದಿಲ್ಲ, ಇದೇ ಸರಿ ಎಂದು ಅದೇ ನಂಬರಿನಲ್ಲಿ ಕನ್ನಡಕ ಮಾಡಿಸಿ ಅತ್ತೆಯ ಮೂಗಿಗೆ ಏರಿಸಿದ. ಅಳಿಯನ ಉಡುಗೊರೆ, ತೆಗೆದರೆ ಮಗಳಿಗೆ ಬೇಜಾರಾದೀತು ಎಂದು ಅವರು ಹಾಕಿಕೊಂಡೇ ಓಡಾಡಿದರು. ಬಾಗಿಲುಗಳಿಗೆ ಡಿಕ್ಕಿ ಹೊಡೆದರು. ಒಂದು ದಿನ ಮಗಳೆಂದುಕೊಂಡು, ನೇತುಹಾಕಿದ್ದ ಕೊಡೆಯೊಂದಿಗೆ ಬಹಳ ಹೊತ್ತು ಸುಖದುಃಖ ಮಾತಾಡಿದರು. ಕೊಡೆ ಎದುರು ಮಾತಾಡಲಿಲ್ಲ, ಅದಕ್ಕೇ ಅನುಮಾನ ಬಂತು ಎಂದು ಆಮೇಲೆ ಹೇಳಿದರು.

ವಿಷಯ ಬೀದಿಗೆ ಬಂದದ್ದು ಬಾಮೈದನ ಬಸ್ಸಿನಿಂದ.

ಒಂದು ದಿನ ಬೆಳಗ್ಗೆ ಜನ ತುಂಬಿದ ಬಸ್ಸನ್ನು ಅವನು ಸ್ಟಾಪೇ ಇಲ್ಲದ ಕಡೆ ನಿಲ್ಲಿಸಿದ. ಫುಟ್‌ಪಾತಿನಲ್ಲಿ ಕೆಂಪು ಕೋಟಿನ ದಪ್ಪ ಮನುಷ್ಯನೊಬ್ಬ ನಿಂತಿದ್ದ. ಬಾಗಿಲು ತೆರೆದು ಕಾದ. ಮನುಷ್ಯ ಹತ್ತಲಿಲ್ಲ. ಹಾರನ್ ಮಾಡಿದ. ಮನುಷ್ಯ ಕದಲಲಿಲ್ಲ. ಬಾಮೈದ ಸ್ವಭಾವತಃ ಮರ್ಯಾದಸ್ಥ, ಹಿರಿಯರಿರಬೇಕು ಎಂದುಕೊಂಡು ತಲೆ ಹೊರಗೆ ಹಾಕಿ, ನಿಧಾನವಾಗಿ ಹತ್ತಿ, ಹಿಂದೆ ಜಾಗವಿದೆ ಎಂದ. ಐದು ನಿಮಿಷವಾದ ಮೇಲೆ ಪ್ರಯಾಣಿಕರೊಬ್ಬರು ಇಳಿದುಹೋಗಿ, ಆ ಹಿರಿಯರ ಬಾಯಿಗೆ ತಮ್ಮ ಜೇಬಿನಲ್ಲಿದ್ದ ಕಾಗದವೊಂದನ್ನು ಹಾಕಿ ವಾಪಸು ಬಂದು ಕೂತರು. ಅಂಚೆಪೆಟ್ಟಿಗೆ ಎಂದು ಡ್ರೈವರಿಗೆ ತಿಳಿದದ್ದು ಆಗ. ಅದೇ ಪ್ರಯಾಣಿಕರು ಮಧ್ಯಾಹ್ನ ಸಾರಿಗೆ ಕಚೇರಿಗೂ ಒಂದು ಕಾಗದ ಬರೆದರು.

ಮೂರನೆಯ ದಿನ ಸಾರಿಗೆ ಕಚೇರಿಯಿಂದ ತಪಾಸಣೆಯ ಅಧಿಕಾರಿ ಬಂದರು. ಸಣಕಲು ಶರೀರ, ಕಂಕುಳಲ್ಲಿ ಫೈಲು, ಜೇಬಿನಲ್ಲಿ ಭೂತಗನ್ನಡಿ. ಜೊತೆಗೆ ತಲೆ ತಗ್ಗಿಸಿದ ಬಾಮೈದ. ಅಧಿಕಾರಿ ಮೊದಲು ಬಾಗಿಲ ಮೇಲಿನ ಅನುಮತಿಪತ್ರ ಓದಿದರು, ಆಮೇಲೆ ಎದುರಿನ ಹೊಸ ಅಂಗಡಿಯ ಕಡೆ ಸುಮ್ಮನೆ ಒಮ್ಮೆ ನೋಡಿದರು. ಕನ್ನಡಕದಣ್ಣ ಲಗುಬಗೆಯಿಂದ ಸ್ಟೂಲು ಒರೆಸಿದ. ಬೀದಿಯವರು ಬೆಂಚಿನಲ್ಲೂ ಬೆಂಚಿನ ಹಿಂದೆಯೂ ತುಂಬಿಕೊಂಡರು. ಆ ದಿನ ಯಾರೂ ಇಂಗ್ಲಿಷ್ ಮಾತಾಡಲಿಲ್ಲ.

ಈ ಡ್ರೈವರನ್ನು ನನ್ನೆದುರಿಗೆ ಪರೀಕ್ಷೆ ಮಾಡಿ ಎಂದರು ಅಧಿಕಾರಿ. ಬಾಮೈದ ಸ್ಟೂಲಿನಲ್ಲಿ ಕೂತ. ಒಂದು ಕಣ್ಣು ಮುಚ್ಚಿಕೊಂಡು ಓದಬೇಕು ಎಂದಾಗ ಗಾಬರಿಯಲ್ಲಿ ಎರಡು ಅಂಗೈಯಿಂದ ಎರಡೂ ಕಣ್ಣು ಭದ್ರವಾಗಿ ಮುಚ್ಚಿಕೊಂಡು, ‘ಐ’ಯಿಂದ ಹಿಡಿದು ‘ಮೀಟ್ಸ್ ದಿ ಐ’ವರೆಗೆ ಎಂಟೂ ಸಾಲು ಗಂಟೆ ಬಾರಿಸಿದ ಹಾಗೆ ಓದಿ ಮುಗಿಸಿದ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಕೇಳಿದರು, “ಇದು ಎಡಗಣ್ಣೋ ಬಲಗಣ್ಣೋ?”

ಬಾಮೈದ ಕೈ ತೆಗೆಯದೆಯೇ, “ಭಾವ ಹೇಳಿಕೊಟ್ಟಿದ್ದು ಸಾರ್” ಎಂದ.

ಕನ್ನಡಕದಣ್ಣ ಮುಂದೆ ನುಗ್ಗಿದ. ಹುಡುಗ ಉತ್ಸಾಹದಲ್ಲಿ ಬಾಯಿಪಾಠ ಮಾಡಿಬಿಟ್ಟಿದ್ದಾನೆ, ಅದು ಒಬ್ಬನ ತಪ್ಪು, ಪಟದ್ದಲ್ಲ, ಪದ್ಧತಿಯದ್ದಂತೂ ಅಲ್ಲವೇ ಅಲ್ಲ ಎಂದು ವಾದಿಸಿದ. ಬೇಕಾದರೆ ತಾನೇ ಓದಿ ತೋರಿಸುತ್ತೇನೆ, ಇಪ್ಪತ್ತಾರು ವರ್ಷದಿಂದ ಕನ್ನಡಕ ಹಾಕದ ಕಣ್ಣು ಇದು ಎಂದು ಎದೆಯುಬ್ಬಿಸಿ ಸ್ಟೂಲಿನಲ್ಲಿ ಕೂತ. ಒಂದು ಕಣ್ಣನ್ನು ಮಾತ್ರ, ಎಲ್ಲರಿಗೂ ಕಾಣುವಂತೆ, ಮುಚ್ಚಿಕೊಂಡ. ಅಧಿಕಾರಿ ಹಿಂಗೋಡೆಗೆ ನಡೆದು, ಅವನ ಹೆಂಡತಿಯ ಅಪ್ಪಣೆ ಕೇಳಿ ಕುರ್ಚಿಯ ಮೇಲೆ ನಿಂತು, ಪಟಕ್ಕೆ ಭೂತಗನ್ನಡಿ ಹಿಡಿದರು.

ಏಳು ಸಾಲಿನವರೆಗೆ ತಲೆಯಾಡಿಸಿದರು. ಎಂಟನೆಯದು ಬಂತು. ಕನ್ನಡಕದಣ್ಣ ಓದಿದ. ಅಧಿಕಾರಿ ತಲೆಯಾಡಿಸಲಿಲ್ಲ.

ಇನ್ನೊಮ್ಮೆ ಓದಿ ಎಂದರು. ಓದಿದ. ಮತ್ತೊಮ್ಮೆ ಎಂದರು. ಈ ಸಲ ಒಂದೊಂದು ಪದಕ್ಕೂ ಬೆರಳು ತೋರಿಸುತ್ತ, ಕಿವುಡನಿಗೆ ಹೇಳುವ ಹಾಗೆ ಬಿಡಿಸಿ ಓದಿದ. ಒಳಗೊಳಗೇ ಅವನಿಗೆ ರೇಗುತ್ತಿತ್ತು. ಸರ್ಕಾರ ಇಂಗ್ಲಿಷ್ ಬಾರದವರನ್ನೆಲ್ಲ ತಪಾಸಣೆಗೆ ಕಳಿಸುತ್ತದೆ.

ಆಗ ಒಳಬಾಗಿಲಿಗೆ ಡಿಕ್ಕಿ ಹೊಡೆದ ಸದ್ದಾಯಿತು. ಅತ್ತೆ ಬಂದರು. ಸ್ಟೂಲಿನ ಪಕ್ಕ ಮಗನ ಅಳುದನಿ ಕೇಳಿ, ಏನಾಯಿತೆಂದು ನೋಡಲು ದಪ್ಪ ಕನ್ನಡಕವನ್ನು ತೆಗೆದರು. ನೋಡಬೇಕಾದಾಗ ತೆಗೆಯುವುದು ಈಚೆಗೆ ಅವರ ರೂಢಿಯಾಗಿತ್ತು. ವಿಷಯ ಕೇಳಿ, ಪಟದ ಕಡೆ ತಿರುಗಿ, ಯಾರೂ ಕೇಳದೆಯೇ ಓದಿದರು:

“ಏಳು, ಮೂರು, ಮೂರು, ಸೊನ್ನೆ, ಒಂಬತ್ತು…”

ಅಧಿಕಾರಿಯ ಭೂತಗನ್ನಡಿ ಒಂದೊಂದು ಅಂಕಿಗೂ ಒಂದೊಂದು ಎಳ್ಳಿನಷ್ಟು ಸರಿಯಿತು. ಒಂದೊಂದಕ್ಕೂ ಅವರ ತಲೆ ಆಡಿತು. ಹತ್ತು ಅಂಕಿ ಮುಗಿದ ಮೇಲೆ ಅವರು ಕುರ್ಚಿಯಿಂದ ಇಳಿದು, ಜೇಬಿನಿಂದ ಮೊಬೈಲು ತೆಗೆದು ಆ ಹತ್ತನ್ನು ಒತ್ತಿದರು.

ಎದುರಿನ ಹೊಸ ಅಂಗಡಿಯ ಮುಂದೆ, ಏಣಿಯ ತುದಿಯಲ್ಲಿ ಫೋನು ರಿಂಗಾಯಿತು. ಏಣಿಯ ಮೇಲಿದ್ದವನು ಬ್ರಷ್ಷನ್ನು ಬಾಯಲ್ಲಿ ಕಚ್ಚಿ ಫೋನು ಕಿವಿಗಿಟ್ಟು, “ಹೇಳಿ ಸಾರ್, ಯಾವ ಬೋರ್ಡು?” ಎಂದ.

ಪೇಂಟರನ್ನು ಕೂಗಿ ಕರೆದರು. ಅವನಿಗೆ ಇದರಲ್ಲಿ ಗೊಂದಲವೇನೂ ಕಾಣಲಿಲ್ಲ. ಹಲಗೆಯಲ್ಲಿ ಏಳು ಸಾಲಿಗೇ ಜಾಗ ಮುಗಿದಿತ್ತು. ಯಾವ ಬೋರ್ಡು ಬರೆದರೂ ಕೆಳಗೆ ಬರೆದವನ ವಿಳಾಸ, ನಂಬರು ಹಾಕುವುದು ತಮ್ಮ ಕಸುಬಿನ ಪದ್ಧತಿ, ಅದಕ್ಕಾಗಿ ಇಷ್ಟು ಜಾಗ ಬಿಡಲೇಬೇಕು. ಉಳಿದ ಬೋರ್ಡಿನಲ್ಲಿ ಇಂಗ್ಲಿಷಿತ್ತು, ಹೊಂದಾಣಿಕೆಗೆಂದು ಅದನ್ನೂ ಇಂಗ್ಲಿಷಿನಲ್ಲೇ ಬರೆದಿದ್ದ. “ಎಂಟನೇದು ಯಾರಿಗೂ ಕಾಣಬಾರದು ಅಂತ ನೀವೇ ಹೇಳಿದ್ರಲ್ಲಣ್ಣ. ಕಾಣದೇ ಇರೋದನ್ನ ಬರೆದ್ರೇನು, ಬಿಟ್ರೇನು?” ಎಂದ. ಎರಡು ತಿಂಗಳಲ್ಲಿ ಈ ಜಾಹೀರಾತಿನಿಂದ ತನಗೆ ಒಂದೂ ಕೆಲಸ ಬಂದಿಲ್ಲವೆಂಬ ಅಸಮಾಧಾನವನ್ನೂ ತೋಡಿಕೊಂಡ.

ಬೆಂಚು ಒಮ್ಮೆಗೇ ತನ್ನ ಕಣ್ಣುಗಳನ್ನು ಉಜ್ಜಿಕೊಂಡಿತು. ಅರುವತ್ತರ ಲಾರಿ ಡ್ರೈವರು ಗೋಡೆ ಹಿಡಿದುಕೊಂಡು ನಿಧಾನವಾಗಿ ಹೊರಗೆ ಜಾರಿದ.

ಅಧಿಕಾರಿ ಬರೆಯುತ್ತ ಬರೆಯುತ್ತ ತೀರ್ಮಾನ ಹೇಳಿದರು. ಬಾಮೈದ ಕನ್ನಡಕ ಹಾಕುವವರೆಗೆ ಬಸ್ಸು ಮುಟ್ಟಬಾರದು. ಈ ಎರಡು ತಿಂಗಳಲ್ಲಿ ಸರ್ಟಿಫಿಕೇಟು ಪಡೆದವರೆಲ್ಲ ಮತ್ತೆ ಬರಬೇಕು. ಪಟ ಇಳಿಯಬೇಕು. ಅನುಮತಿಪತ್ರ ಎಂದಾಗ ಕನ್ನಡಕದಣ್ಣ ಬೀದಿಯ ಕಡೆ ತಿರುಗಿದ. ಎದುರಿನ ಅಂಗಡಿಯವನು ಬಾಗಿಲಿಗೆ ಬಂದು ನಿಂತಿರುವಂತೆ ಕಂಡಿತು, ಅಥವಾ ಅದು ಅವನ ಕೋಟು ಸ್ಟ್ಯಾಂಡೋ ಏನೋ.

“ರದ್ದು ಮಾಡಬೇಕು” ಎಂದರು ಅಧಿಕಾರಿ. ಪೆನ್ನು ನಿಲ್ಲಿಸಿ ಅತ್ತೆಯ ಕಡೆ ನೋಡಿದರು. “ಆದ್ರೆ ಕಣ್ಣು ಕಾಣೋರು ಅಂಗಡೀಲಿ ಒಬ್ಬರಾದ್ರೂ ಇದ್ದಾರೆ. ಆರು ತಿಂಗಳು ಈ ತಾಯಿ ಪಕ್ಕದಲ್ಲಿ ಕೂತು ನೋಡಲಿ. ಇವರು ಹೂಂ ಅಂದ ಮೇಲೆ ನೀವು ಸಹಿ ಹಾಕಿ. ಅದಕ್ಕೂ ಮೊದಲು ನಿಮ್ಮ ಮೂಗಿನ ಮೇಲೆ ಒಂದು ಕನ್ನಡಕ ಕೂರಬೇಕು. ನಾನು ಇಲ್ಲಿರೋವಾಗಲೇ.”

ಇಪ್ಪತ್ತಾರು ವರ್ಷದ ಸಿದ್ಧಾಂತ. ಕನ್ನಡಕದಣ್ಣ ಬಾಯಿ ತೆರೆದ. ತೆರೆದ ಬಾಯಿಂದ ಏನಾದರೂ ಹೊರಡುವ ಮೊದಲೇ ಅತ್ತೆ ತಮ್ಮ ಕೈಯಲ್ಲಿದ್ದ ದಪ್ಪ ಕನ್ನಡಕವನ್ನು ಅವನ ಮೂಗಿನ ಮೇಲಿಟ್ಟು ಕಿವಿಗೆ ಸಿಕ್ಕಿಸಿದರು. “ನೀವೇ ಮಾಡಿಸಿದ್ದು ಅಳಿಯಂದಿರೇ. ನನಗಂತೂ ಒಂದಿನಾನೂ ಒಗ್ಗಲಿಲ್ಲ” ಎಂದರು.

ಒಗ್ಗಿತು. ಎದುರಿನ ಬಾಗಿಲಲ್ಲಿ ನಿಂತದ್ದು ಕೋಟು ಸ್ಟ್ಯಾಂಡಲ್ಲ, ಅಂಗಡಿಯವನೇ, ಹಲ್ಲು ಕಿರಿಯುತ್ತಿದ್ದ. ಹಿಂಗೋಡೆಯ ಪಟದಲ್ಲಿ ಏಳು, ಮೂರು, ಮೂರು ಸ್ಫುಟವಾಗಿದ್ದವು. ಕನ್ನಡಕದಣ್ಣನ ದೃಷ್ಟಿ ಪಟದಿಂದ ಕೆಳಗಿಳಿದು ಹೆಂಡತಿಯ ಮೇಜಿಗೆ ಬಂತು. ಇಂಥ ಕಷ್ಟದ ಹೊತ್ತಿನಲ್ಲಿ ಆ ಒಂದು ಮುಗುಳ್ನಗೆ ಬೇಕಾಗಿತ್ತು.

ಹೆಂಡತಿ ಅವನನ್ನೇ ನೋಡುತ್ತಿದ್ದಳು. ತುಟಿಗಳು ಎರಡೂ ಕಡೆಗೆ ಎಳೆದುಕೊಂಡೇ ಇದ್ದವು. ಆದರೆ ಅದು ನಗುವಲ್ಲ. ಹಲ್ಲು ಕಚ್ಚಿ ಹಿಡಿದ ಬಾಯಿ. ಕಚ್ಚಿ ಕಚ್ಚಿ ಕೆನ್ನೆಯ ಎರಡೂ ಕಡೆ ಗೆರೆ ಬಿದ್ದಿದ್ದವು, ಇಂದು ನಿನ್ನೆಯ ಗೆರೆಗಳಲ್ಲ.

ಕನ್ನಡಕದಣ್ಣ ಕನ್ನಡಕವನ್ನು ಮೆಲ್ಲಗೆ ಹಣೆಗೆ ಎತ್ತಿದ. ಮುಗುಳ್ನಗೆ ಮರಳಿ ಬಂತು. ಇಳಿಸಿದ. ಹೋಯಿತು. ಇನ್ನೊಮ್ಮೆ ಎತ್ತಿದ.

“ಇಳಿಸೇ ಇಟ್ಕೊಳ್ರಿ” ಎಂದಳು ಹೆಂಡತಿ. “ಬೆಂಚಿನ ತುಂಬ ಜನ ಇದ್ದಾರೆ. ಅಮ್ಮ, ಮೊದಲನೆಯವರನ್ನ ಕರಿ.”